ಕಾಣದ ಗಾಯಕ್ಕೂ ಹಕ್ಕುಂಟು

ನಮ್ಮ ನಾಡಿನ ಊರೂರುಗಳಲ್ಲಿ ವೀರಗಲ್ಲುಗಳು ನಿಂತಿವೆ. ಕಾಳಗದಲ್ಲಿ ಮಡಿದವನ ಸಾಹಸವನ್ನು ಕಲ್ಲಿನಲ್ಲಿ ಕಂಡರಿಸಿದ ಹಿರಿಯರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಅವನ ಮನೆಯವರ ಜೀವನಕ್ಕೆಂದು ಭೂಮಿಯನ್ನೂ ಬಿಟ್ಟುಕೊಟ್ಟರು. ಹಳೆಯ ಶಾಸನಗಳು ಈ ದತ್ತಿಯನ್ನು ನೆತ್ತರುಗೊಡಗೆ ಎಂದು ಕರೆಯುತ್ತವೆ. ಅದು ದಾನವಾಗಿರಲಿಲ್ಲ, ಋಣಸಂದಾಯವಾಗಿತ್ತು. ಇಂದಿನ ಸರ್ಕಾರ ಸೈನಿಕನಿಗೆ ನೀಡುವ ಅಂಗವೈಕಲ್ಯ ಪಿಂಚಣಿಯ ಹಿಂದೆ ಇರುವುದೂ ಇದೇ ಭಾವನೆ.

ಆದರೆ ಜೀವಂತವಾಗಿ ಮರಳಿದವನ ಕೈಕಾಲು ನೆಟ್ಟಗಿದ್ದು, ಮನಸ್ಸು ಮಾತ್ರ ಗಾಯಗೊಂಡಿದ್ದರೆ? ಆ ಗಾಯ ನೆರೆಯವರಿಗೆ ಕಾಣದು, ನೆಂಟರಿಗೆ ಕಾಣದು, ಎಷ್ಟೋ ಸಲ ಸ್ವತಃ ಅವನಿಗೂ ಅರ್ಥವಾಗದು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸುತ್ತಲಿನ ಕುಟುಂಬಗಳಲ್ಲಿ ಮಾಜಿ ಸೈನಿಕರಿರುವ ಮನೆಯವರು ಈ ಗಾಯವನ್ನು ಗುರುತಿಸಬೇಕು, ಚಿಕಿತ್ಸೆ ಕೊಡಿಸಬೇಕು, ಅದಕ್ಕೆ ಸಲ್ಲಬೇಕಾದ ಹಕ್ಕನ್ನು ಕೇಳಿ ಪಡೆಯಬೇಕು ಎಂಬ ಉದ್ದೇಶದಿಂದ ಈ ವಿಷಯವನ್ನು ಓದುಗರ ಮುಂದಿಡುತ್ತಿದ್ದೇವೆ.

ಮನೆಯೊಳಗಿನ ಮೌನ

1965 ಮತ್ತು 1971ರ ಯುದ್ಧಗಳು, 1984ರಿಂದ ಸಿಯಾಚಿನ್ನಿನ ಹಿಮದ ಕಾವಲು, 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿ ಶಾಂತಿಪಾಲನೆ, 1999ರ ಕಾರ್ಗಿಲ್, ಕಾಶ್ಮೀರ ಮತ್ತು ಈಶಾನ್ಯ ರಾಜ್ಯಗಳ ನಿತ್ಯದ ಕಾರ್ಯಾಚರಣೆ - ಇವೆಲ್ಲವುಗಳಿಂದ ಮರಳಿದವರು ಇಂದು ನಮ್ಮ ನಡುವೆ ಇದ್ದಾರೆ. ಹೊಲ ಗದ್ದೆ ನೋಡಿಕೊಂಡಿರುವವರುಂಟು, ಬ್ಯಾಂಕು ಕಾರ್ಖಾನೆಗಳ ಕಾವಲು ಕೆಲಸದಲ್ಲಿರುವವರುಂಟು. ಬಹುಪಾಲು ಜನ ಆರೋಗ್ಯವಾಗಿಯೇ ಇದ್ದಾರೆ. ಕೆಲವರು ಹಾಗಿಲ್ಲ.

ಅಂಥವರ ಲಕ್ಷಣಗಳನ್ನು ಮನೆಯವರೇ ಮೊದಲು ಕಾಣುತ್ತಾರೆ. ನಡುರಾತ್ರಿ ಬೆವತು ಎದ್ದು ಕೂರುವುದು, ಅದೇ ಕೆಟ್ಟ ಕನಸು ಮತ್ತೆ ಮತ್ತೆ ಬೀಳುವುದು, ಗಣಿಯ ಸಿಡಿತಕ್ಕೋ ದೀಪಾವಳಿಯ ಪಟಾಕಿಗೋ ಮೈ ನಡುಗುವುದು, ಜಾತ್ರೆ ಮದುವೆಗಳ ಜನಸಂದಣಿಯನ್ನು ತಪ್ಪಿಸಿಕೊಳ್ಳುವುದು, ಸಣ್ಣ ಮಾತಿಗೆ ಸಿಡಿದೇಳುವುದು, ಮಡದಿ ಮಕ್ಕಳಿಂದ ದೂರ ಸರಿಯುವುದು. ಇವು ಆಘಾತದ ನಂತರ ಉಳಿಯುವ ಮನೋವ್ಯಾಧಿಯ ಪರಿಚಿತ ಚಿಹ್ನೆಗಳು. ಇದರ ಜೊತೆಗೋ ಇದಿಲ್ಲದೆಯೋ ಖಿನ್ನತೆ, ಆತಂಕ, ಸ್ಕಿಜೋಫ್ರೇನಿಯಗಳೂ ಸೈನಿಕರನ್ನು ಕಾಡಬಹುದು.

ಮನೆಯವರು ಇದನ್ನು ಏನೆಂದು ಕರೆಯುತ್ತಾರೆ? ಕುಡಿತದ ಚಟ ಎನ್ನುತ್ತಾರೆ, ಮಿಲಿಟರಿ ಸಿಟ್ಟು ಎನ್ನುತ್ತಾರೆ, ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸುತ್ತಾರೆ. ಹೆಚ್ಚಿನ ಕಡೆ ಏನನ್ನೂ ಹೇಳದೆ ಮುಚ್ಚಿಡುತ್ತಾರೆ. ಹೊರಗೆ ತಿಳಿದರೆ ಮಗಳಿಗೆ ಸಂಬಂಧ ಕೂಡಿಬಾರದೆಂಬ ಭಯ ಅದಕ್ಕೆ ಕಾರಣ. ಆ ಭಯ ನಮಗೆ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟ ಕಾಯಿಲೆ ವಾಸಿಯಾಗುವುದಿಲ್ಲ, ಕಾಗದದ ಮೇಲೆ ಬಾರದ ಕಾಯಿಲೆಗೆ ಪಿಂಚಣಿ ಸಿಗುವುದಿಲ್ಲ ಎಂಬುದನ್ನು ಮರೆಯಲಾಗದು. ದೇವರಿಗೆ ಹರಕೆ ಹೊರುವುದು ತಪ್ಪಲ್ಲ. ಹರಕೆಯ ಜೊತೆಗೆ ವೈದ್ಯರ ಚೀಟಿಯೂ ಇರಲಿ ಎಂದಷ್ಟೇ ನಮ್ಮ ವಿನಂತಿ.

ಇದು ಹೇಡಿತನದ ಗುರುತೂ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಶೆಲ್ ಶಾಕ್ ಎಂಬ ಹೆಸರಿನಲ್ಲಿ ಇಂಥ ಸೈನಿಕರ ಸ್ಥಿತಿಯನ್ನು ವೈದ್ಯ ಪತ್ರಿಕೆಯಲ್ಲಿ ವರ್ಣಿಸಿದರು. ವಿಯೆಟ್ನಾಂ ಯುದ್ಧದ ಅನುಭವದ ಬಳಿಕ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ಪ್ರತ್ಯೇಕ ವ್ಯಾಧಿಯೆಂದು ತನ್ನ ಗ್ರಂಥದಲ್ಲಿ ಸೇರಿಸಿತು.

ದೇಶಕ್ಕೆ ದಾರಿ ತೋರಿದ ಜಿಲ್ಲೆ

ಮನೋವ್ಯಾಧಿಯ ಚಿಕಿತ್ಸೆಯ ವಿಷಯದಲ್ಲಿ ನಮ್ಮ ಭಾಗ ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಆಗ ಅದೇ ಜಿಲ್ಲೆಯಲ್ಲಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಗತ್ಯವಾದ ಔಷಧಿಗಳನ್ನು ಅಲ್ಲಿಯೇ ಒದಗಿಸಿದರೆ, ಮಾನಸಿಕ ರೋಗಿಗೆ ಊರಿನ ಸಮೀಪದಲ್ಲೇ ಚಿಕಿತ್ಸೆ ದೊರೆಯಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು. ಬಳ್ಳಾರಿ ಮಾದರಿ ಎಂದು ಹೆಸರಾದ ಈ ಕ್ರಮವನ್ನೇ ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಇಡೀ ದೇಶಕ್ಕೆ ಪಾಠ ಕಲಿಸಿದ ನೆಲದವರು ನಾವು. ಮನಸ್ಸಿನ ಕಾಯಿಲೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ನಾಚಬೇಕಾದ್ದಿಲ್ಲ.

ಚಿಕಿತ್ಸೆ ಮೊದಲು, ಪಿಂಚಣಿ ಅನಂತರ. ಆದರೆ ಚಿಕಿತ್ಸೆಯ ಕಾಗದಗಳೇ ಪಿಂಚಣಿಯ ಅರ್ಜಿಗೆ ಬೆನ್ನೆಲುಬಾಗುವುದರಿಂದ ಇವೆರಡೂ ಬೇರೆಬೇರೆ ದಾರಿಗಳಲ್ಲ.

ಕಾನೂನು ಹೇಳುವುದೇನು?

ಸೇನೆಯ 1961ರ ಪಿಂಚಣಿ ನಿಯಮಾವಳಿಯಂತೆ, ವೈಕಲ್ಯವು ಸೇವೆಯಿಂದ ಉಂಟಾಗಿರಬೇಕು ಇಲ್ಲವೆ ಸೇವೆಯಿಂದ ಉಲ್ಬಣಿಸಿರಬೇಕು. ಅದರ ಪ್ರಮಾಣ ಶೇಕಡಾ 20ಕ್ಕೆ ಕಡಿಮೆಯಿರಬಾರದು. ಇದನ್ನು ನಿರ್ಣಯಿಸುವುದು ಸೇನೆಯ ಮೆಡಿಕಲ್ ಬೋರ್ಡ್. ಮನೋವ್ಯಾಧಿಯ ಪ್ರಕರಣಗಳಲ್ಲಿ ಬೋರ್ಡು "ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ" ಎಂದು ಬರೆದುಬಿಟ್ಟರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಆ ಒಂದು ವಾಕ್ಯದ ಸುತ್ತಲೇ ನ್ಯಾಯಾಲಯಗಳಲ್ಲಿ ಬಹುಕಾಲ ವಾದ ನಡೆದಿದೆ.

2013ರ ಜುಲೈ 2ರಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ನೀಡಿತು. ಸೇನೆಗೆ ಸೇರುವಾಗ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಅವನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಮುಂದೆ ಬಂದ ಕಾಯಿಲೆ ಸೇವೆಯದೆಂದು ಪರಿಗಣಿಸಬೇಕು, ಅದಲ್ಲವೆಂದು ಸಾಧಿಸುವ ಹೊಣೆ ಸೈನಿಕನದಲ್ಲ ಎಂದು ಅದು ಸಾರಿತು. ಅದು ಮೂರ್ಛೆರೋಗದ ಪ್ರಕರಣ. ಅದೇ ದಿನ ವೀರ್ ಪಾಲ್ ಸಿಂಗ್ ಎಂಬ ಸ್ಕಿಜೋಫ್ರೇನಿಯ ಪೀಡಿತ ಮಾಜಿ ಸೈನಿಕನ ವಿಷಯದಲ್ಲಿ ಹೊಸದಾಗಿ ವೈದ್ಯಕೀಯ ಪರಿಶೀಲನೆ ನಡೆಸುವಂತೆ ನ್ಯಾಯಾಲಯ ಆದೇಶಿಸಿತು.

ಆದರೆ ದಾರಿ ನೇರವಾಗಿಲ್ಲ. 2019ರ ಅಕ್ಟೋಬರ್ 3ರಂದು ನರಸಿಂಗ್ ಯಾದವ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮನೋವ್ಯಾಧಿಯು ನೇಮಕಾತಿಯ ತಪಾಸಣೆಯಲ್ಲಿ ಪತ್ತೆಯಾಗುವಂಥದಲ್ಲ, ಆದ್ದರಿಂದ ಸೇರುವಾಗ ದಾಖಲಾಗಿರಲಿಲ್ಲ ಎಂಬ ಒಂದೇ ಕಾರಣದಿಂದ ಪಿಂಚಣಿ ಕೊಡಲಾಗದು ಎಂದಿತು. 2025ರ ಮೇ ತಿಂಗಳಲ್ಲಿ ರಾಜುಮೋನ್ ಪ್ರಕರಣದಲ್ಲಿ, ಕಾರಣಗಳನ್ನು ನೀಡದ ಮೆಡಿಕಲ್ ಬೋರ್ಡಿನ ಅಭಿಪ್ರಾಯದ ಮೇಲೆ ಸ್ಕಿಜೋಫ್ರೇನಿಯ ಪೀಡಿತನ ಪಿಂಚಣಿಯನ್ನು ನಿರಾಕರಿಸುವಂತಿಲ್ಲ ಎಂದು ತೀರ್ಪಾಯಿತು.

ಈ ತೀರ್ಪುಗಳನ್ನು ಒಟ್ಟಾಗಿ ಓದಿದಾಗ ಮನೆಯವರಿಗೆ ತಿಳಿಯುವ ಪಾಠ ಒಂದೇ. "ಹೋಗುವಾಗ ಚೆನ್ನಾಗಿದ್ದ, ಬರುವಾಗ ಹೀಗಾಗಿದ್ದ" ಎಂಬ ಮಾತು ಬೇಕು, ಆದರೆ ಅಷ್ಟೇ ಸಾಲದು. ಯಾವ ವರ್ಷ, ಯಾವ ಸ್ಥಳದಲ್ಲಿದ್ದಾಗ, ಯಾವ ಘಟನೆಯ ನಂತರ ಬದಲಾವಣೆ ಕಂಡಿತು ಎಂಬುದನ್ನು ತೋರಿಸಬೇಕು. ಅಮೆರಿಕದಲ್ಲಿ 2010ರ ಜುಲೈಯಲ್ಲಿ ನಿಯಮವನ್ನು ಸಡಿಲಿಸಿ, ಯುದ್ಧಭಯದಿಂದ ಬಂದ ಆಘಾತಕ್ಕೆ ಪ್ರತಿ ಘಟನೆಯ ದಾಖಲೆಯನ್ನೂ ಒದಗಿಸಬೇಕಾದ ಹೊರೆಯನ್ನು ಇಳಿಸಲಾಯಿತು. ನಮ್ಮಲ್ಲಿ ಆ ಬಗೆಯ ಅನುಕೂಲವನ್ನು ನಂಬಿ ಕೂರುವಂತಿಲ್ಲ. ಕಾಗದಗಳನ್ನು ನಾವೇ ಕೂಡಿಸಬೇಕು.

ಇನ್ನೊಂದು ಎಚ್ಚರಿಕೆ. ಮಿತಿಮೀರಿದ ಕುಡಿತದಿಂದ ಬಂದ ವೈಕಲ್ಯಕ್ಕೆ ನಿಯಮಗಳು ಪರಿಹಾರ ಕೊಡುವುದಿಲ್ಲ. ನಿದ್ದೆಗಾಗಿ, ನೆನಪನ್ನು ಮರೆಯುವುದಕ್ಕಾಗಿ ಕುಡಿಯಲು ತೊಡಗಿದವನನ್ನು ಮನೆಯವರೇ "ಕುಡುಕ" ಎಂದು ಬರೆಸಿದರೆ ಮೂಲ ಕಾಯಿಲೆ ಮರೆಯಾಗುತ್ತದೆ. ಯಾವುದು ಮೊದಲು ಬಂತು ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ, ಸತ್ಯವಾಗಿ ತಿಳಿಸಬೇಕು.

ಮನೆಯವರು ಮಾಡಬೇಕಾದದ್ದು

ಮೊದಲನೆಯದಾಗಿ, ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಬಿಡುಗಡೆಯ ಸಮಯದ ಮೆಡಿಕಲ್ ಬೋರ್ಡಿನ ವರದಿ, ಸೇನಾ ಆಸ್ಪತ್ರೆಯ ಚೀಟಿಗಳು ಇವನ್ನೆಲ್ಲ ಒಂದೆಡೆ ಜೋಡಿಸಿಡಬೇಕು. ಮೆಡಿಕಲ್ ಬೋರ್ಡಿನ ಪ್ರತಿ ಕೈಯಲ್ಲಿಲ್ಲದಿದ್ದರೆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿಯಲ್ಲೂ ಕೇಳಬಹುದು. ಈಗಿನ ಚಿಕಿತ್ಸೆಯ ದಾಖಲೆಗಳನ್ನು ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಗೆ ನೀಡಿದೆ.

ಎರಡನೆಯದಾಗಿ, ಮಡದಿಯಾಗಲಿ ತಾಯಿಯಾಗಲಿ ಅಣ್ಣತಮ್ಮಂದಿರಾಗಲಿ ತಾವು ಕಂಡದ್ದನ್ನು ದಿನಾಂಕ ಸಹಿತ ಬರೆದಿಡಬೇಕು. ಯಾವ ರಜೆಗೆ ಬಂದಾಗ ಮೊದಲು ಬದಲಾವಣೆ ಕಂಡಿತು, ಆಗ ಅವರು ಎಲ್ಲಿ ಕೆಲಸದಲ್ಲಿದ್ದರು, ಯಾವ ಸಂಗಾತಿಯ ಸಾವನ್ನು ಕಂಡಿದ್ದರು ಎಂಬುದು ಮುಖ್ಯ. ಹಳೆಯ ಪತ್ರಗಳನ್ನು ಎಸೆಯಬಾರದು. ಜೊತೆಗಿದ್ದ ಸೈನಿಕರ ಲಿಖಿತ ಹೇಳಿಕೆಯೂ ನೆರವಾಗುತ್ತದೆ. ಉತ್ಪ್ರೇಕ್ಷೆ ಬೇಡ; ಒಂದು ಸುಳ್ಳು ಮಾತು ಹತ್ತು ಸತ್ಯಗಳನ್ನು ಕೆಡಿಸುತ್ತದೆ.

ಮೂರನೆಯದಾಗಿ, ನಿರಾಕರಣೆಯ ಪತ್ರ ಬಂದೊಡನೆ ಕೈಚೆಲ್ಲಬಾರದು. ಮೊದಲ ಮೇಲ್ಮನವಿಗೆ ಸಾಮಾನ್ಯವಾಗಿ 6 ತಿಂಗಳ ಅವಧಿಯಿದೆ. ಅದರ ಮೇಲೆ ಎರಡನೆಯ ಮೇಲ್ಮನವಿಯೂ ಉಂಟು. ಅಲ್ಲಿಯೂ ಆಗದಿದ್ದರೆ 2007ರ ಕಾಯ್ದೆಯಂತೆ ಸ್ಥಾಪಿತವಾಗಿ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆಹೋಗಬಹುದು. ತಡಮಾಡಿದರೆ ಹಕ್ಕು ಸಿಕ್ಕರೂ ಹಣ ಕೈತಪ್ಪಬಹುದು: 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಕಿಯನ್ನು ಅರ್ಜಿಯ ಹಿಂದಿನ 3 ವರ್ಷಗಳಿಗಷ್ಟೇ ಮಿತಿಗೊಳಿಸಿತು. 2023ರ ಸೆಪ್ಟೆಂಬರ್ 21ರ ನಂತರ ಸೇವೆಯಿಂದ ಹೊರಬಂದವರಿಗೆ ಹೊಸ ನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ಬಿಡುಗಡೆಯ ದಿನಾಂಕವನ್ನು ನೋಡಿಯೇ ಅರ್ಜಿ ಸಿದ್ಧಪಡಿಸಬೇಕು.

ಯಾರಲ್ಲಿ ಕೇಳುವುದು? ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇರುವುದೇ ಇದಕ್ಕಾಗಿ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿಯವರು ಒಂದು ಜಿಲ್ಲೆಗೂ ಸಂಡೂರು, ಕಂಪ್ಲಿಯವರು ಬಳ್ಳಾರಿ ಜಿಲ್ಲೆಗೂ ಸೇರಿದ್ದಾರೆ. ತಮ್ಮ ಊರಿಗೆ ಇಲಾಖೆಯ ಯಾವ ಕಚೇರಿ ಎಂಬುದನ್ನು ಮೊದಲೇ ವಿಚಾರಿಸಿಕೊಂಡರೆ ಅಲೆದಾಟ ತಪ್ಪುತ್ತದೆ. ವಕೀಲರ ಖರ್ಚು ಭರಿಸಲಾರದವರಿಗೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿದೆ. ಸೈನಿಕರ ಕುಟುಂಬಗಳಿಗೆಂದೇ 2025ರ ಜುಲೈ 26ರಂದು ವೀರ ಪರಿವಾರ ಸಹಾಯತಾ ಯೋಜನೆಯೂ ಆರಂಭವಾಗಿದೆ. ಮನಸ್ಸು ತೀರಾ ಕುಗ್ಗಿದಾಗ, ಜೀವ ಬೇಡವೆಂಬ ಮಾತು ಬಂದಾಗ, ಹಗಲಿರುಳೆನ್ನದೆ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಟೆಲಿಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡುವ ಸೌಲಭ್ಯವಿದೆ.

ನಮ್ಮ ಸಮಾಜದ ಸಂಘಗಳೂ ಓದುಬರಹ ಬಲ್ಲ ತರುಣರೂ ಇಲ್ಲಿ ಮಾಡಬಹುದಾದ ಕಾಯಕ ದೊಡ್ಡದು. ಒಂದು ಅರ್ಜಿಯನ್ನು ತುಂಬಿಕೊಡುವುದು, ವಯಸ್ಸಾದ ತಾಯಿಯೊಬ್ಬಳನ್ನು ಕಚೇರಿಗೆ ಕರೆದೊಯ್ಯುವುದು, ಇಂಗ್ಲಿಷಿನಲ್ಲಿ ಬಂದ ನಿರಾಕರಣೆಯ ಪತ್ರವನ್ನು ಓದಿ ಹೇಳುವುದು - ಇವು ಹಣ ಬೇಡದ ದಾಸೋಹ. ಅದಕ್ಕಿಂತ ಮೊದಲು, ಅಂಥ ಮನೆಯ ಹೆಣ್ಣನ್ನು ತರಲು ಹಿಂಜರಿಯದಿರುವುದೂ ಒಂದು ಉಪಕಾರವೇ. ಸಂಬಂಧ ತಪ್ಪೀತೆಂಬ ಭಯ ಹೋದ ಮನೆಯಲ್ಲಿ ಕಾಯಿಲೆಯ ಹೆಸರು ಬಾಯಿಗೆ ಬರುತ್ತದೆ. ಹೆಸರು ಬಾಯಿಗೆ ಬಂದ ಮೇಲೆಯೇ ಔಷಧಿಯೂ ಅರ್ಜಿಯೂ ಸಾಧ್ಯ. ಮಾಜಿ ಸೈನಿಕರಿರುವ ಮನೆಯವರು ಈ ತಿಂಗಳೇ ಪೆಟ್ಟಿಗೆ ತೆರೆದು ಆ ಡಿಸ್ಚಾರ್ಜ್ ಬುಕ್ಕನ್ನು ಹುಡುಕಿಡಲಿ ಎಂದು ಕೋರುತ್ತೇವೆ.