ಹಳೆಯ ಕ್ಯಾಸೆಟ್ಟಿನ ಧ್ವನಿಯನ್ನು ಗಣಕಯಂತ್ರಕ್ಕೆ ಇಳಿಸುವ ಕ್ರಮ

ಗಡಿನಾಡಿನ ಹಿರಿಯರು ಹಾಡಿದ ಸೋಬಾನೆ, ಬೀಸುವ ಪದಗಳಲ್ಲಿ ಆಯಾ ಪ್ರದೇಶದ ಕನ್ನಡದ ಉಚ್ಚಾರಣೆ, ರಾಗ, ಲಯಗಳು ಉಳಿದಿರುತ್ತವೆ. ಪಠ್ಯಪುಸ್ತಕದ ಅಕ್ಷರಗಳು ಇವನ್ನು ಪೂರ್ಣವಾಗಿ ಹಿಡಿದಿಡಲಾರವು. ಇಂತಹ ಹಾಡುಗಳ ಕ್ಯಾಸೆಟ್ಟು ದೊರೆತರೆ ವಿಳಂಬ ಸಲ್ಲದು. ಟೇಪಿನ ಕಾಂತೀಯ ಲೇಪವು ಕಾಲಕ್ರಮೇಣ ಶಿಥಿಲವಾಗುತ್ತದೆ.

ಮೊದಲು ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಬೇಕು. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಬಿಲ್ಲೆಗಳನ್ನು ಮುರಿದರೆ ಕೈತಪ್ಪಿ ಹಾಡು ಅಳಿಸಿಹೋಗುವ ಭಯವಿಲ್ಲ.

ರೆಕಾರ್ಡರಿನ 'ಲೈನ್ ಔಟ್' ರಂಧ್ರದಿಂದ ಗಣಕಯಂತ್ರದ 'ಲೈನ್ ಇನ್'ಗೆ ತಂತಿ ಜೋಡಿಸಬೇಕು. ಇದು ಸಾಮಾನ್ಯವಾಗಿ ನೀಲಿ ಬಣ್ಣದ್ದು. ಗುಲಾಬಿ ಬಣ್ಣದ ಮೈಕ್ ರಂಧ್ರವು ಕ್ಷೀಣ ಸಂಕೇತಕ್ಕೆಂದು ರೂಪಿತವಾದುದರಿಂದ ಅಲ್ಲಿ ಧ್ವನಿ ಒಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಲೈನ್ ಇನ್ ಇಲ್ಲದಿದ್ದರೆ, ಆ ಸೌಲಭ್ಯವುಳ್ಳ ಯುಎಸ್‌ಬಿ ಸೌಂಡ್ ಅಡಾಪ್ಟರ್ ಬಳಸಬಹುದು.

ಮುದ್ರಣಕ್ಕೆ 'ಅಡಾಸಿಟಿ' ಎಂಬ ಉಚಿತ ತಂತ್ರಾಂಶ ಸಾಕು. 44,100 ಹರ್ಟ್ಸ್, 16 ಬಿಟ್ ಆಯ್ದು, ಅತಿ ಎತ್ತರದ ಸ್ವರವೂ ಮಾಪಕದಲ್ಲಿ -6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಬೇಕು. ಸೊನ್ನೆಯನ್ನು ಮೀರಿ ಒಡೆದ ಧ್ವನಿಯನ್ನು ಅನಂತರ ಪೂರ್ಣವಾಗಿ ಸರಿಪಡಿಸಲಾಗದು. ಅಪರೂಪದ ಕ್ಯಾಸೆಟ್ಟನ್ನು ಮುಟ್ಟುವ ಮುನ್ನ, ಹೋದರೂ ನಷ್ಟವಿಲ್ಲದ ಬೇರೊಂದರಲ್ಲಿ ಇದೆಲ್ಲವನ್ನೂ ಪರೀಕ್ಷಿಸಬೇಕು. ಜೀರ್ಣವಾದ ಟೇಪು ಎರಡನೆಯ ಅವಕಾಶ ನೀಡದಿರಬಹುದು.

ಮೂಲಪ್ರತಿಯನ್ನು ವೇವ್ ರೂಪದಲ್ಲಿಯೇ ಉಳಿಸಬೇಕು. 60 ನಿಮಿಷದ ಸ್ಟೀರಿಯೊ ಮುದ್ರಣಕ್ಕೆ ಸುಮಾರು 600 ಮೆಗಾಬೈಟ್ ಸ್ಥಳ ಬೇಕು. ತರಗತಿಯ ಬಳಕೆಗೆ ಎಂಪಿ3 ಪ್ರತಿ ಸಾಕು. ಕಡತದ ಹೆಸರಿನಲ್ಲಿ ಊರು, ಹಾಡಿದವರು, ವರ್ಷ ಇರಲಿ. ಹಾಡಿದವರ ಅಥವಾ ಮನೆಯವರ ಅನುಮತಿ ಪಡೆದು ಎರಡು ಕಡೆ ಪ್ರತಿ ಇಡಬೇಕು. ಹೀಗೆ ಉಳಿದ ಧ್ವನಿಯಲ್ಲಿ ಮಕ್ಕಳು ತಮ್ಮ ಊರಿನ ಕನ್ನಡವನ್ನೇ ಪಾಠವಾಗಿ ಆಲಿಸಬಲ್ಲರು.