ಅಪ್ಪನ ಮಣ್ಣಿಗೆ ಹೋಗದ ಮಗ

ಹಾವೇರಿ ಜಿಲ್ಲೆಯ ಮಾಸೂರು ಸೀಮೆಯಲ್ಲಿ ಕುಸ್ತಿ ನೋಡುವವರಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಿಲ್ಲ. ಬೆನ್ನು ಮಣ್ಣಿಗೆ ತಾಗಿತೋ, ಸೋತ. ದೇಹದಾರ್ಢ್ಯ ಸ್ಪರ್ಧೆಯಲ್ಲಿ ಆ ಸೌಕರ್ಯವಿಲ್ಲ. ಎಣ್ಣೆ ಹಚ್ಚಿದ ಮೈಗಳು ಸಾಲಾಗಿ ನಿಲ್ಲುತ್ತವೆ, ತಿರುಗುತ್ತವೆ. ಯಾರೂ ಯಾರನ್ನೂ ಮುಟ್ಟುವುದಿಲ್ಲ. ಗೆದ್ದವನು ಯಾಕೆ ಗೆದ್ದ ಎಂಬುದು ಬಲ್ಲವರಿಗಷ್ಟೇ ಗೊತ್ತು. ಇಂಥದ್ದನ್ನು ತೋರಿಸಿ ಜನರನ್ನು ಒಂದೂವರೆ ಗಂಟೆ ಕೂರಿಸುವುದು ಹೇಗೆ?

ಫೋಟೋಗೆ ಈ ತೊಡಕಿರಲಿಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸುತ್ತಿದ್ದ ಕೆ.ವಿ. ಅಯ್ಯರ್ 1930ರ ದಶಕದಲ್ಲೇ ಗ್ರೀಕ್ ಶಿಲ್ಪದಂತೆ ನಿಂತ ತಮ್ಮ ಚಿತ್ರಗಳನ್ನು ಅಚ್ಚು ಹಾಕಿಸಿ, ಅಂಚೆಯಲ್ಲಿ ವ್ಯಾಯಾಮದ ಪಾಠ ಹೇಳುತ್ತಿದ್ದರು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನು ಬರೆದವರೂ ಅವರೇ. ಆದರೂ ಆ ಚಿತ್ರಗಳಲ್ಲಿ ಕತೆಯಿಲ್ಲ, ಕಣ್ಣೀರಿಲ್ಲ. ನೀನೂ ಹೀಗಾಗಬಹುದು ಎಂಬ ಆಸೆ ಮಾತ್ರ ಇದೆ.

ಕಣ್ಣೀರು ಬೇಕಾದದ್ದು ಸಿನಿಮಾಕ್ಕೆ. ಜಾರ್ಜ್ ಬಟ್ಲರ್ ಮತ್ತು ಚಾರ್ಲ್ಸ್ ಗೇನ್ಸ್ 1974ರಲ್ಲಿ ‘ಪಂಪಿಂಗ್ ಐರನ್’ ಎಂಬ ಪುಸ್ತಕ ತಂದರು. ಅದನ್ನು ಚಿತ್ರ ಮಾಡಹೊರಟಾಗ ದುಡ್ಡು ಹಾಕುವವರು ಸಿಗಲಿಲ್ಲ. 1975ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ನಡೆದ ಮಿಸ್ಟರ್ ಒಲಿಂಪಿಯಾ ದೇಹದಾರ್ಢ್ಯ ಸ್ಪರ್ಧೆಯನ್ನು ಹೇಗೋ ಚಿತ್ರಿಸಿಕೊಂಡರು. ಮುಂದಕ್ಕೆ ಕೈ ಖಾಲಿ. 1976ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಮತ್ತಿಬ್ಬರನ್ನು ಜೀವಂತ ಶಿಲ್ಪಗಳಂತೆ ನಿಲ್ಲಿಸಿದಾಗ ಜನ ನಿರೀಕ್ಷೆ ಮೀರಿ ನುಗ್ಗಿದರು. ಚಿತ್ರಕ್ಕೆ ಉಸಿರು ಬಂತು, 1977ರಲ್ಲಿ ತೆರೆ ಕಂಡಿತು.

ಅದರಲ್ಲಿ ಬಟ್ಲರ್ ಕಂಡುಕೊಂಡ ಉಪಾಯ ಸರಳ. ಸೋಲು-ಗೆಲುವು ಮೈಯಲ್ಲಿ ಕಾಣದಿದ್ದರೆ ಮನೆಯಲ್ಲಿ ತೋರಿಸು. ಚಿಕ್ಕಂದಿನಲ್ಲೇ ಕಿವಿ ಮಂದವಾದ ಲೂ ಫೆರಿಗ್ನೊ ಬ್ರೂಕ್ಲಿನ್‌ನ ಮಬ್ಬು ಜಿಮ್ಮಿನಲ್ಲಿ ಬೆವರು ಸುರಿಸುತ್ತಾನೆ. ಪಕ್ಕದಲ್ಲಿ ಹುರಿದುಂಬಿಸುವ ಅಪ್ಪ. ಅತ್ತ ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ನಗುವ ಅರ್ನಾಲ್ಡ್. ಅವನು ತಣ್ಣಗೆ ಹೇಳುತ್ತಾನೆ: ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಸ್ಪರ್ಧೆಗೆ ಎರಡೇ ತಿಂಗಳಿತ್ತು, ಮಣ್ಣಿಗೆ ಹೋಗಲಿಲ್ಲ. ಅಪ್ಪನಿಗಾಗಿ ಗೆಲ್ಲಬೇಕಾದ ಮಗ ಒಬ್ಬ, ಗೆಲುವಿಗಾಗಿ ಅಪ್ಪನನ್ನೇ ಬಿಟ್ಟ ಮಗ ಇನ್ನೊಬ್ಬ. ಸ್ನಾಯುವಿನ ಹೆಸರೊಂದೂ ಗೊತ್ತಿಲ್ಲದ ಪ್ರೇಕ್ಷಕ ಪಕ್ಷ ಹಿಡಿದು ಕೂತ.

ಹುಸಿ ಹೊರಬಿದ್ದದ್ದು ಚಿತ್ರಕ್ಕೆ 25 ತುಂಬಿದಾಗ. ಆ ನೆನಪಿನಲ್ಲಿ 2002ರ ಹೊತ್ತಿಗೆ ನಡೆದ ಸಂದರ್ಶನಗಳಲ್ಲಿ, ಅದು ಬೇರೊಬ್ಬ ದೇಹದಾರ್ಢ್ಯಪಟುವಿನಿಂದ ಕೇಳಿದ ಕತೆ, ಕ್ಯಾಮೆರಾ ಮುಂದೆ ತನ್ನದೆಂದು ಹೇಳಿಕೊಂಡೆ ಎಂದು ಅರ್ನಾಲ್ಡ್ ಒಪ್ಪಿಕೊಂಡ. ಅಂತ್ಯಕ್ರಿಯೆಗೆ ಅವನು ಹೋಗದಿದ್ದುದು ನಿಜ; ಕಾರಣ ಕಟ್ಟಿದ್ದು. ಅಷ್ಟಕ್ಕೂ ಲೆಕ್ಕ ಮೊದಲಿನಿಂದಲೂ ಎದುರಿಗೇ ಇತ್ತು. ತಂದೆ ಗುಸ್ತಾವ್ ತೀರಿಕೊಂಡದ್ದು 1972ರ ಡಿಸೆಂಬರಿನಲ್ಲಿ. ಆ ವರ್ಷದ ಒಲಿಂಪಿಯಾ ಅಕ್ಟೋಬರಿನಲ್ಲೇ ಮುಗಿದಿತ್ತು, ಮುಂದಿನದು 1973ರ ಸೆಪ್ಟೆಂಬರಿನಲ್ಲಿ. ಎರಡು ತಿಂಗಳು ಎಲ್ಲೂ ಹೊಂದುವುದಿಲ್ಲ. ಇನ್ನೊಂದು ದೃಶ್ಯದಲ್ಲಿ ಕೆನ್ ವಾಲರ್, ಎದುರಾಳಿ ಮೈಕ್ ಕಾಟ್ಜ್‌ನ ಅಂಗಿ ಬಚ್ಚಿಡುವ ಸಂಚು ಹೂಡುತ್ತಾನೆ. ಸಂಚಿನ ಆ ಮಾತುಕತೆ ಚಿತ್ರಿತವಾದದ್ದು ಸ್ಪರ್ಧೆ ಮುಗಿದ ಮೇಲೆ. ಖಳನ ಪಟ್ಟ ಮಾತ್ರ ವಾಲರ್‌ಗೆ ಅಂಟಿಕೊಂಡಿತು.

ಗುಟ್ಟು ಬಯಲಾದರೂ ಉಪಾಯ ಸಾಯಲಿಲ್ಲ. 2013ರ ‘ಜನರೇಶನ್ ಐರನ್’ ಚಿತ್ರ ದೇಹದಾರ್ಢ್ಯಪಟು ಫಿಲ್ ಹೀತ್‌ನ ಗೆಲುವಿನ ಎದುರು ಅವನ ಎದುರಾಳಿ ಕಾಯ್ ಗ್ರೀನ್‌ನ ನೆಲೆಯಿಲ್ಲದ ಬಾಲ್ಯವನ್ನು ಇಟ್ಟಿತು. ಆ ಬಾಲ್ಯ ಸುಳ್ಳಲ್ಲ. ಆದರೆ ಅದನ್ನು ಎಲ್ಲಿ, ಯಾವ ಸಂಗೀತದೊಂದಿಗೆ ಇಡಬೇಕೆಂಬ ಜಾಣ್ಮೆ 1977ರದೇ. ಔಷಧಿಯ ಮಾತು, ದುಡ್ಡಿನ ಮಾತು ಬರಬೇಕಾದ ಕಡೆ ಬಾಲ್ಯದ ನೋವು ಬಂದು ಕೂತರೆ ನೋಡುಗ ಪ್ರಶ್ನೆ ಕೇಳುವುದನ್ನೇ ಮರೆಯುತ್ತಾನೆ. ‘ಪಂಪಿಂಗ್ ಐರನ್’ನಲ್ಲಿ ಸ್ಟೀರಾಯ್ಡ್ ಬಗ್ಗೆ ಚಕಾರವಿಲ್ಲ.

ಸರ್ವಜ್ಞನ ತಂದೆ ಮಾಸೂರಿನ ಬಸವರಸ ಎಂಬ ಐತಿಹ್ಯಕ್ಕೆ ನಮ್ಮವರು ತಾರೀಖು ಕೇಳುವುದಿಲ್ಲ. ಅದು ಐತಿಹ್ಯವಾಗಿಯೇ ಬಾಳುತ್ತದೆ. ನಿಜವೆಂದು ಹೇಳಿಕೊಂಡು ಬರುವ ಚಿತ್ರಕ್ಕೆ ಆ ರಿಯಾಯಿತಿ ಸಲ್ಲದು. ಜಟ್ಟಿಯ ಕಣ್ಣು ತೇವವಾದ ಹೊತ್ತಿನಲ್ಲೇ ಕ್ಯಾಲೆಂಡರ್ ತಿರುವಿ ನೋಡುವುದು ಕಲ್ಲೆದೆಯಲ್ಲ.