ದೀಪ ಆರಿದರೆ ವಿದ್ಯುತ್ ಹೋಯಿತೇ?

ದೂರದರ್ಶನದ ಸ್ಟುಡಿಯೋ ಕ್ಯಾಮರಾದ ಮೇಲೆ ಪುಟ್ಟ ಕೆಂಪು ದೀಪವೊಂದಿರುತ್ತದೆ. ಅದರ ಹೆಸರು ಟ್ಯಾಲಿ ಲೈಟ್. ಅದು ಉರಿಯುತ್ತಿದ್ದರೆ ಸದ್ಯ ಆ ಕ್ಯಾಮರಾದ ಚಿತ್ರವನ್ನು ಆಯ್ದುಕೊಳ್ಳಲಾಗಿದೆ ಎಂದರ್ಥ. ಹೊಸದಾಗಿ ಬಂದ ಅತಿಥಿಗಳು ಎದುರಿನ ದೀಪ ಆರಿದೊಡನೆ ಪ್ರಸಾರವೇ ನಿಂತಿತೆಂದು ಭಾವಿಸಿ ಪಕ್ಕದವರೊಡನೆ ಮಾತಿಗೆ ತೊಡಗುವುದುಂಟು. ಬದಲಾದದ್ದು ಕ್ಯಾಮರಾ ಮಾತ್ರ. ಅಂಗಿಗೆ ಸಿಕ್ಕಿಸಿದ ಮೈಕ್ ಇನ್ನೂ ಕೇಳಿಸಿಕೊಳ್ಳುತ್ತಲೇ ಇರುತ್ತದೆ. ದೀಪ ಸುಳ್ಳು ಹೇಳಲಿಲ್ಲ. ತನಗೆ ಗೊತ್ತಿದ್ದಷ್ಟನ್ನು ಹೇಳಿತು. ಉಳಿದದ್ದನ್ನು ನೋಡುವವರು ಊಹಿಸಿಕೊಂಡರು.

ಮನೆಯಲ್ಲಿ ತಾವೇ ಆಂಪ್ಲಿಫೈಯರ್ ಜೋಡಿಸುವ ಹವ್ಯಾಸಿಗಳು ಇದನ್ನು ಮನಸ್ಸಿನಲ್ಲಿಡಬೇಕು. ಸ್ಟುಡಿಯೋದಲ್ಲಿ ತಪ್ಪು ಊಹೆಗೆ ತೆರುವ ಬೆಲೆ ಮುಜುಗರ. ಆಂಪ್ಲಿಫೈಯರ್ ಪೆಟ್ಟಿಗೆಯೊಳಗೆ ಅದು ಪ್ರಾಣವೇ ಆಗಬಹುದು. ಆ ಪೆಟ್ಟಿಗೆಯನ್ನು ಮುಟ್ಟುವವರು ನೀವೊಬ್ಬರೇ ಅಲ್ಲ, ಮನೆಯ ಮಕ್ಕಳೂ ಮುಟ್ಟುತ್ತಾರೆ.

ಸ್ವಿಚ್ ಯಾವ ತಂತಿಯಲ್ಲಿ?

ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್, ಸೆಕೆಂಡಿಗೆ 50 ಆವರ್ತ. ಫೇಸ್ ತಂತಿಯಲ್ಲಿ ಬಂದ ವಿದ್ಯುತ್ತು ಉಪಕರಣದ ಮೂಲಕ ಹಾದು ನ್ಯೂಟ್ರಲ್ ತಂತಿಯಲ್ಲಿ ಮರಳುತ್ತದೆ. ಇವೆರಡರಲ್ಲಿ ಯಾವುದನ್ನು ಕತ್ತರಿಸಿದರೂ ಮಂಡಲ ಮುರಿಯುತ್ತದೆ, ಹಾಡು ನಿಲ್ಲುತ್ತದೆ, ದೀಪ ಆರುತ್ತದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣದು.

ಆದರೆ ಸ್ವಿಚ್ಚನ್ನು ನ್ಯೂಟ್ರಲ್ ತಂತಿಯಲ್ಲಿ ಹಾಕಿದ್ದರೆ, ‘ಆಫ್’ ಮಾಡಿದ ಮೇಲೂ ಟ್ರಾನ್ಸ್‌ಫಾರ್ಮರಿನ ಇಡೀ ಪ್ರೈಮರಿ ಸುರುಳಿಯಲ್ಲಿ 230 ವೋಲ್ಟ್ ಕಾದು ಕುಳಿತಿರುತ್ತದೆ. ನೆಲದ ಮೇಲೆ ನಿಂತು ಆ ತಂತಿಯನ್ನು ಮುಟ್ಟಿದರೆ ಮುರಿದಿದ್ದ ಮಂಡಲವನ್ನು ನಿಮ್ಮ ದೇಹವೇ ಪೂರ್ತಿ ಮಾಡುತ್ತದೆ.

‘ಹಾಗಾದರೆ ಸ್ವಿಚ್ಚನ್ನು ಫೇಸ್ ತಂತಿಯಲ್ಲಿ ಹಾಕಿದರಾಯಿತಲ್ಲ’ ಎನ್ನುತ್ತೀರಿ. ಸರಿಯೇ, ಆದರೆ ಸಾಲದು. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಫೇಸ್, ನ್ಯೂಟ್ರಲ್ ಅದಲುಬದಲಾಗುತ್ತವೆ. ಗೋಡೆಯ ಸಾಕೆಟ್ಟಿನಲ್ಲೇ ತಂತಿಗಳು ಅದಲುಬದಲಾಗಿರುವ ಮನೆಗಳೂ ಇವೆ. ಆದ್ದರಿಂದ ಎರಡೂ ತಂತಿಗಳನ್ನು ಒಟ್ಟಿಗೆ ಕತ್ತರಿಸುವ ಡಬಲ್ ಪೋಲ್ ಸ್ವಿಚ್ ಬಳಸಿ. ಫೇಸ್ ತಂತಿಯಲ್ಲಿ ಮೊದಲು ಫ್ಯೂಸ್, ನಂತರ ಸ್ವಿಚ್, ಆಮೇಲೆ ಟ್ರಾನ್ಸ್‌ಫಾರ್ಮರ್ ಬರಲಿ.

ಮೂರನೆಯದು ಅರ್ತ್ ತಂತಿ. ಅದು ಯಾವ ಸ್ವಿಚ್ಚಿನ, ಯಾವ ಫ್ಯೂಸಿನ ಮೂಲಕವೂ ಹಾಯಕೂಡದು; ನೇರವಾಗಿ ಲೋಹದ ಪೆಟ್ಟಿಗೆಗೆ ಬಿಗಿಯಾಗಿ ಸೇರಬೇಕು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ನು ಮಿಕ್ಕವುಗಳಿಗಿಂತ ದಪ್ಪ ಮತ್ತು ಉದ್ದ. ಅದು ಎಲ್ಲಕ್ಕಿಂತ ಮೊದಲು ಸೇರಿ, ಕೊನೆಗೆ ಕಳಚಿಕೊಳ್ಳಲಿ ಎಂಬುದೇ ಉದ್ದೇಶ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಸ್ವಿಚ್ ಕೊಳ್ಳುವಾಗ ಅದರ ಮೈಮೇಲಿನ ಬರಹವನ್ನು ಓದಿ. 250 ವೋಲ್ಟ್ ಎ.ಸಿ., 6 ಆಂಪಿಯರ್ ಎಂದಿದ್ದರೆ ಒಳ್ಳೆಯದು. ‘ನನ್ನ ಆಂಪ್ಲಿಫೈಯರ್ ಅರ್ಧ ಆಂಪಿಯರನ್ನೂ ಎಳೆಯದಲ್ಲ’ ಎನ್ನಬೇಡಿ. ಸ್ವಿಚ್ ಹಾಕಿದ ಕ್ಷಣದಲ್ಲಿ ಬರಿದಾದ ಕೆಪಾಸಿಟರುಗಳು ತುಂಬಿಕೊಳ್ಳಲು ಅದರ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತವೆ. ಅದೇ ಸ್ವಿಚ್ಚನ್ನು ಡಿ.ಸಿ. ಕಡೆಗೆ ಅದೇ ಧೈರ್ಯದಿಂದ ಹಾಕುವಂತಿಲ್ಲ. ಎ.ಸಿ. ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನೇ ನಂದುತ್ತದೆ. ಡಿ.ಸಿ.ಗೆ ಆ ಬಿಡುವಿಲ್ಲ; ಕಿಡಿ ಉಳಿದು ಸಂಪರ್ಕಗಳನ್ನು ಸುಡುತ್ತದೆ.

ಎರಡು ದೀಪ, ಎರಡು ಸುದ್ದಿ

ಸೂಚಕ ದೀಪಗಳಲ್ಲಿ ಎರಡು ಬಗೆ ಸಾಮಾನ್ಯ. ಒಂದು, ಕಿತ್ತಳೆ ಬಣ್ಣದ ನಿಯಾನ್. 230 ವೋಲ್ಟಿಗೆಂದೇ ರೆಸಿಸ್ಟರ್ ಸಮೇತ ಸಿಗುವ ಇದನ್ನು ಸ್ವಿಚ್ಚಿನ ನಂತರ, ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ ಅಡ್ಡಲಾಗಿ ಜೋಡಿಸುತ್ತಾರೆ. ಇನ್ನೊಂದು ಎಲ್.ಇ.ಡಿ. ಇದನ್ನು ಫಿಲ್ಟರ್ ಕೆಪಾಸಿಟರಿಗೆ ಅಡ್ಡಲಾಗಿ, ಡಿ.ಸಿ. ಕಡೆ ಜೋಡಿಸುತ್ತಾರೆ.

ನಿಯಾನ್ ಹೇಳುವುದು, ‘ಟ್ರಾನ್ಸ್‌ಫಾರ್ಮರಿಗೆ ಕರೆಂಟು ತಲುಪಿದೆ’ ಎಂದು. ಎಲ್.ಇ.ಡಿ. ಹೇಳುವುದು, ‘ಕೆಪಾಸಿಟರಿನಲ್ಲಿ ವಿದ್ಯುತ್ತು ತುಂಬಿದೆ’ ಎಂದು. ಎರಡೂ ಇದ್ದರೆ ರಿಪೇರಿ ಸುಲಭ. ಎರಡೂ ಉರಿಯದಿದ್ದರೆ ಮೊದಲು ಪ್ಲಗ್, ಫ್ಯೂಸ್, ಸ್ವಿಚ್ಚುಗಳನ್ನು ಶಂಕಿಸಿ. ನಿಯಾನ್ ಉರಿದು ಎಲ್.ಇ.ಡಿ. ಉರಿಯದಿದ್ದರೆ ದೋಷ ಟ್ರಾನ್ಸ್‌ಫಾರ್ಮರಿನಲ್ಲಿ ಅಥವಾ ಅದರ ಮುಂದೆ ಇದೆ.

ಎಲ್.ಇ.ಡಿ.ಯನ್ನು ನೇರವಾಗಿ ಜೋಡಿಸಿದರೆ ಒಡನೆಯೇ ಸುಟ್ಟುಹೋಗುತ್ತದೆ. ಅದರ ಜೊತೆ ಸರಣಿಯಲ್ಲಿ ರೆಸಿಸ್ಟರ್ ಬೇಕು. ಲೆಕ್ಕ ಕಷ್ಟದ್ದಲ್ಲ. 12 ವೋಲ್ಟ್ ಟ್ರಾನ್ಸ್‌ಫಾರ್ಮರಿನ ಶಿಖರ ಮೌಲ್ಯ 12 × 1.414, ಅಂದರೆ ಸುಮಾರು 17 ವೋಲ್ಟ್. ಬ್ರಿಜ್ ರೆಕ್ಟಿಫೈಯರಿನ ಎರಡು ಡಯೋಡುಗಳಲ್ಲಿ ಸುಮಾರು 1.5 ವೋಲ್ಟ್ ಕಳೆದು 15.5 ಉಳಿಯುತ್ತದೆ. ಕೆಂಪು ಎಲ್.ಇ.ಡಿ.ಗೆ 2 ವೋಲ್ಟ್ ಬಿಟ್ಟುಕೊಡಿ, ಉಳಿದದ್ದು 13.5. 10 ಮಿಲಿಆಂಪಿಯರ್ ಹರಿಯಬೇಕಾದರೆ 1,350 ಓಮ್ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 1.5 ಕಿಲೋಓಮ್, ಕಾಲು ವಾಟ್ ರೆಸಿಸ್ಟರ್ ಸಾಕು. ಈಗಿನ ಪ್ರಖರ ಎಲ್.ಇ.ಡಿ.ಗಳಿಗೆ 2 ಮಿಲಿಆಂಪಿಯರ್ ಕೂಡ ಧಾರಾಳ, ಅವಕ್ಕೆ 6.8 ಕಿಲೋಓಮ್ ಹಾಕಿದರೆ ಕಣ್ಣು ಕುಕ್ಕುವುದಿಲ್ಲ. ಎಲ್.ಇ.ಡಿ.ಯ ಉದ್ದನೆಯ ಕಾಲು ಧನ ತುದಿಗೆ ಸೇರಬೇಕು.

ಆರಿದ ದೀಪದ ಹಿಂದೆ

ಸ್ವಿಚ್ ಆಫ್ ಮಾಡಿದ ಮೇಲೂ ಎಲ್.ಇ.ಡಿ. ಕೂಡಲೇ ಆರದೆ ನಿಧಾನವಾಗಿ ಮಂಕಾಗುವುದನ್ನು ನೀವು ನೋಡಿರಬಹುದು. ಅದು ದೋಷವಲ್ಲ, ಕೆಪಾಸಿಟರ್ ಬರಿದಾಗುತ್ತಿರುವ ಸುದ್ದಿ. 4,700 ಮೈಕ್ರೋಫ್ಯಾರಡ್ ಕೆಪಾಸಿಟರ್ 1.5 ಕಿಲೋಓಮ್ ಮೂಲಕ ಮಾತ್ರ ಬರಿದಾಗುವುದಾದರೆ, ಎಲ್.ಇ.ಡಿ.ಯಲ್ಲಿ ಹರಿಯುವ ಕರೆಂಟು ಮೂರನೇ ಒಂದು ಭಾಗದಷ್ಟಕ್ಕೆ ಇಳಿಯಲು ಸುಮಾರು 7 ಸೆಕೆಂಡು ಬೇಕು. ಹಾಡು ಬರುತ್ತಿದ್ದರೆ ಆಂಪ್ಲಿಫೈಯರೂ ಎಳೆದುಕೊಳ್ಳುವುದರಿಂದ ಬೇಗ ಆರುತ್ತದೆ.

ದೊಡ್ಡ ಆಂಪ್ಲಿಫೈಯರುಗಳಲ್ಲಿ ಧನ 35, ಋಣ 35 ವೋಲ್ಟುಗಳ ಎರಡು ಸರಬರಾಜು ಇರುವುದುಂಟು. ಎಲ್.ಇ.ಡಿ.ಯನ್ನು ಧನದ ಕಡೆಗಷ್ಟೇ ಹಾಕಿದ್ದರೆ, ಅದು ಆರಿದ ಮೇಲೂ ಋಣದ ಕಡೆಯ ಕೆಪಾಸಿಟರ್ ತುಂಬಿಕೊಂಡೇ ಇರಬಹುದು. ಆ ಕಡೆಯ ಸಂಗತಿ ದೀಪಕ್ಕೆ ಗೊತ್ತೇ ಇಲ್ಲ. ಜಾರಿದ ಒಂದು ಸ್ಕ್ರೂಡ್ರೈವರ್ ಸಾಕು, ಟ್ರಾನ್ಸಿಸ್ಟರುಗಳು ಹಾಳಾಗುತ್ತವೆ. ಪ್ರತಿ ಕೆಪಾಸಿಟರಿಗೂ ಅಡ್ಡಲಾಗಿ 4.7 ಕಿಲೋಓಮ್, ಅರ್ಧ ವಾಟ್ ರೆಸಿಸ್ಟರೊಂದನ್ನು ಬೆಸೆಯಿರಿ. 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು ನಾಲ್ಕು ನಿಮಿಷದಲ್ಲಿ ತಾನಾಗಿ ಬರಿದಾಗುತ್ತದೆ.

ಇನ್ನು ಗುಂಯ್‌ಗುಡುವ ತೊಂದರೆ. ಮುಂಭಾಗದ ಸ್ವಿಚ್ಚಿಗೆ ಹೋಗಿಬರುವ 230 ವೋಲ್ಟಿನ ತಂತಿಗಳನ್ನು ಒಂದಕ್ಕೊಂದು ಹೆಣೆದು, ಇನ್‌ಪುಟ್ ತಂತಿಗಳಿಂದ ದೂರ ಒಯ್ಯಿರಿ. ಹೆಣೆದಾಗ ಎರಡರ ಕಾಂತಕ್ಷೇತ್ರಗಳೂ ಬಹುಮಟ್ಟಿಗೆ ಪರಸ್ಪರ ರದ್ದಾಗುತ್ತವೆ. ಎಲ್.ಇ.ಡಿ.ಯ ಋಣ ತಂತಿಯನ್ನು ಹತ್ತಿರ ಸಿಕ್ಕಿತೆಂದು ಇನ್‌ಪುಟ್ಟಿನ ಗ್ರೌಂಡಿಗೆ ಬೆಸೆಯಬೇಡಿ. ಕೆಪಾಸಿಟರಿನ ಬಳಿಗೇ ಮರಳಿಸಿ.

ಮೊದಲ ಸಲ ಹಾಕುವ ಮುನ್ನ

ಪ್ಲಗ್ ಹೊರಗಿರುವಾಗಲೇ ಮಲ್ಟಿಮೀಟರಿನಿಂದ ಪರೀಕ್ಷಿಸಿ. ಅರ್ತ್ ಪಿನ್ನಿಗೂ ಪೆಟ್ಟಿಗೆಗೂ ನಡುವೆ ಸೊನ್ನೆಗೆ ಹತ್ತಿರದ ಓಮ್ ಇರಬೇಕು. ಉಳಿದೆರಡು ಪಿನ್ನುಗಳಿಗೂ ಪೆಟ್ಟಿಗೆಗೂ ಸಂಪರ್ಕವೇ ಇರಬಾರದು. ಸ್ವಿಚ್ ಆಫ್ ಇದ್ದಾಗ ಆ ಎರಡು ಪಿನ್ನುಗಳಿಂದಲೂ ಟ್ರಾನ್ಸ್‌ಫಾರ್ಮರಿಗೆ ದಾರಿ ಕಾಣಬಾರದು.

ನಂತರ ರಿಪೇರಿಯವರ ಹಳೆಯ ಉಪಾಯವಾದ ಸೀರೀಸ್ ಬಲ್ಬ್ ಬಳಸಿ. 60 ವಾಟಿನ ಹಳೆಯ ತಂತುವಿನ ಬಲ್ಬನ್ನು ಫೇಸ್ ತಂತಿಯಲ್ಲಿ ಸರಣಿಯಾಗಿಟ್ಟು ಸ್ವಿಚ್ ಹಾಕಿ. ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ. ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಷಾರ್ಟ್ ಇದೆ. ಪ್ಲಗ್ ಕಿತ್ತು ಹುಡುಕಿ. ಎಲ್.ಇ.ಡಿ. ಬಲ್ಬು ಈ ಕೆಲಸಕ್ಕೆ ಬಾರದು.

ಮುಂದೆ ಎಂದಾದರೂ ಮುಚ್ಚಳ ತೆರೆಯಬೇಕಾದಾಗ ದೀಪ ಆರಿದೆಯೆಂದು ಕೈ ಹಾಕಬೇಡಿ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ, ಐದು ನಿಮಿಷ ಕಾಯಿರಿ, ಎಲ್ಲ ಕೆಪಾಸಿಟರುಗಳನ್ನೂ ಮೀಟರಿನಿಂದ ಅಳೆಯಿರಿ. ಅವು ಬರಿದಾಗಿವೆಯೆಂದು ಮೀಟರು ತೋರಿಸಿದ ಮೇಲೆ ಕೆಲಸಕ್ಕೆ ಕೈಹಚ್ಚಿ.